ಚೆಂಡಿನ ಮುಂದೆ ಅರೆಗಳಿಗೆ

"ಇಲ್ಲಿ ನೋಡಿ. ಎಲ್ಲರೂ ಓಡ್ತಿದ್ದಾರೆ, ಇವನೊಬ್ಬ ನಿಂತಿದ್ದಾನೆ," ಎಂದು ಕೋಚ್ ಫೀನಿ ಪರದೆಯ ಮೇಲೆ ಕೆಂಪು ಚುಕ್ಕೆ ಕುಣಿಸಿದಾಗ ಮೂರನೆಯ ಸಾಲಿನಲ್ಲಿ ಕೂತಿದ್ದ ಡೇಲ್ ಟ್ರೆನೋವೆತ್‌ಗೆ ಕಳ್ಳನ ಮುಖಕ್ಕೆ ಟಾರ್ಚು ಬಿಟ್ಟ ಹಾಗಾಯಿತು. ಪರದೆಯ ಮೇಲೆ ಕಳೆದ ಶನಿವಾರದ ಆಟ, ಕೈಯಿಂದಲೂ ಕಾಲಿಂದಲೂ ಆಡುವ ಆಸ್ಟ್ರೇಲಿಯದ ಫುಟ್‌ಬಾಲ್. ಅಂಪೈರು ಚೆಂಡನ್ನು ನೆಲಕ್ಕೆ ಕುಕ್ಕಿದ್ದಾನೆ, ಅದು ಪುಟಿದು ಮೇಲೇರಿದೆ, ಎರಡೂ ಕಡೆಯ ಎತ್ತರದವರು ಒಬ್ಬರ ಎದೆಗೊಬ್ಬರು ಮಂಡಿ ಕೊಟ್ಟು ಹಾರಿದ್ದಾರೆ, ತಮ್ಮವನಾದ ಮಾಬಿಯೋರ್ ಅಂಗೈಯಿಂದ ತಟ್ಟಿದ ಚೆಂಡು ಕೆಳಗೆ ಕಾದಿರುವ ಕುಳ್ಳರ ನಡುವೆ ಬಿದ್ದಿದೆ. ಆರು ಜನ ಅದರ ಮೇಲೆ ಮುಗಿಬಿದ್ದಿದ್ದಾರೆ. ಆ ಗುಂಪಿನಿಂದ ಚಿಮ್ಮಿ ಚೆಂಡು ಡೇಲ್‌ನ ಕೈಗೆ ಬಂದಿದೆ. ಅವನು ಓಡಬೇಕು. ಓಡುತ್ತಿಲ್ಲ. ಸಂತೆಯಲ್ಲಿ ಯಾರೋ ಹೆಸರು ಹಿಡಿದು ಕರೆದಂತೆ ನಿಂತಿದ್ದಾನೆ. ಆಮೇಲೆ ನಿಧಾನವಾಗಿ ಎಡಕ್ಕೆ ತಿರುಗಿ, ಮೈದಾನದಲ್ಲಿ ಬೇರೆ ಯಾರಿಗೂ ಕಾಣದ ಒಬ್ಬನಿಗೆ ಚೆಂಡನ್ನು ಒದ್ದಿದ್ದಾನೆ; ಅಲ್ಲಿಂದ ಗೋಲ್. "ಇದಕ್ಕೆ ತಾಳ್ಮೆ ಅಂತಾರೆ," ಎಂದ ಫೀನಿ. "ಮೂವತ್ಮೂರಾಯ್ತು ಈ ಮುದಿ ಕುದುರೆಗೆ. ಕಾಲಲ್ಲಿ ಏನೂ ಉಳಿದಿಲ್ಲ. ಈಗ ತಲೇಲಿ ಆಡ್ತಿದ್ದಾನೆ, ತಲೇಲಿ!" ಹಿಂದಿನ ಸಾಲಿನಿಂದ ಮಾಬಿಯೋರ್, "ತಲೆ ಬೇರೆ ಇದ್ಯಾ ಅವನಿಗೆ? ಇದ್ದಿದ್ರೆ ಈ ಆಟಕ್ಕೆ ಯಾಕೆ ಬರ್ತಿದ್ದ?" ಎಂದ. ಇಡೀ ಕೋಣೆ ನಕ್ಕಿತು. ಡೇಲ್ ಕೂಡ ನಕ್ಕ, ಒಂದಿಷ್ಟು ತಡವಾಗಿ. ಮುಂದಿನ ಗುರುವಾರ ಮಧ್ಯದ ಸಾಲಿನವರಿಗೆಲ್ಲ ಆ ನಿಲ್ಲುವಿಕೆಯನ್ನು ಅವನೇ ಹತ್ತು ನಿಮಿಷ ಹೇಳಿಕೊಡಬೇಕೆಂದು ಫೀನಿ ಅಪ್ಪಣೆ ಮಾಡಿದ, ಮತ್ತೆ ಅದೇ ತುಣುಕನ್ನು ಮೊದಲಿನಿಂದ ಹಾಕಿದ.

ಏನನ್ನು ಹೇಳಿಕೊಡುವುದು? ಡೇಲ್ ನಿಂತದ್ದು ತಾಳ್ಮೆಯಿಂದಲ್ಲ. ತಾವು ಯಾವ ಕಡೆಗೆ ಆಡುತ್ತಿದ್ದೇವೆ ಎಂಬುದೇ ಆ ಗಳಿಗೆಯಲ್ಲಿ ಅವನಿಗೆ ಗೊತ್ತಿರಲಿಲ್ಲ. ಆಟದ ಕಾಲುಭಾಗ ಮುಗಿದಾಗಲೆಲ್ಲ ದಿಕ್ಕು ಬದಲಾಗುತ್ತದೆ. ಈ ತುದಿಗೆ ನಾಲ್ಕು ಬಿಳಿ ಕಂಬ, ಆ ತುದಿಗೂ ನಾಲ್ಕು ಬಿಳಿ ಕಂಬ, ಎರಡೂ ಕಡೆ ಅದೇ ಜನ, ಅದೇ ಕೂಗು. ಚೆಂಡು ಕೈಗೆ ಬಂದೊಡನೆ ತಲೆಯೊಳಗೆ ಯಾರೋ ಸ್ವಿಚ್ಚು ಆರಿಸಿದ ಹಾಗೆ ಆಗಿ ಮೈದಾನವೆಲ್ಲ ಬರೀ ಹುಲ್ಲಾಗಿಬಿಡುತ್ತಿತ್ತು. ಆಗ ಅವನು ಮಾಬಿಯೋರ್‌ನನ್ನು ಹುಡುಕುತ್ತಿದ್ದ. ಆರಡಿ ಒಂಬತ್ತಂಗುಲದ ಆ ಮನುಷ್ಯನನ್ನು ಹುಡುಕುವುದೇನೂ ಕಷ್ಟವಲ್ಲ. ಅವನ ಎದೆ ಯಾವ ಕಡೆಗಿದೆಯೋ ಆ ಕಡೆ ತಮ್ಮದು. ಅಷ್ಟು ತಿಳಿದರೆ ಸಾಕು, ಮಿಕ್ಕದ್ದನ್ನು ಮೈ ನೋಡಿಕೊಳ್ಳುತ್ತಿತ್ತು. ಮೈ ಒಂದನ್ನೂ ಮರೆತಿರಲಿಲ್ಲ. ಇದು ಎರಡು ವರ್ಷದಿಂದ ನಡೆದಿದೆ, ಅಥವಾ ಮೂರು. ಅವನ ಆಟ ಮಾಗಿದೆ ಎಂದು ಪತ್ರಿಕೆಗಳು ಬರೆಯತೊಡಗಿ ಕೂಡ ಅಷ್ಟೇ ಕಾಲವಾಯಿತು. ಪತ್ರಿಕೆಯವರಿಗೇನು, ನಿಂತರೆ ಧ್ಯಾನ, ಬಿದ್ದರೆ ತ್ಯಾಗ. ಶನಿವಾರದ ಕೊನೆಯ ಕಾಲುಭಾಗದಲ್ಲಿ ಎದುರಾಳಿಯ ಮೊಣಕೈ ಅವನ ಕಿವಿಯ ಮೇಲುಗಡೆ ಬಡಿದಿತ್ತು. ಕ್ಲಬ್ಬಿನ ಡಾಕ್ಟರ್ ಲಾಮ್ ಒಳಗೆ ಕರೆದೊಯ್ದು ಇಪ್ಪತ್ತು ನಿಮಿಷ ಪ್ರಶ್ನೆ ಕೇಳಿ ಬಿಟ್ಟುಕಳಿಸಿದ್ದರು. ಆದರೂ ಅವರಿಗೆ ಸಮಾಧಾನವಿರಲಿಲ್ಲ. ಗುರುವಾರ ಹನ್ನೊಂದಕ್ಕೆ ಕಂಪ್ಯೂಟರಿನ ಮುಂದೆ ಕೂತು ದೊಡ್ಡ ಪರೀಕ್ಷೆ ಬರೆಯಬೇಕೆಂದಿದ್ದರು. ಇವತ್ತು ಗುರುವಾರ. ಗೋಡೆಯ ಗಡಿಯಾರದಲ್ಲಿ ಹತ್ತೂಕಾಲು.

ಮೊದಲು ಹೀಗಿರಲಿಲ್ಲ ಅವನ ಆಟ. ನಿಲ್ಲುವುದೆಂದರೇನೆಂದೇ ಗೊತ್ತಿರಲಿಲ್ಲ. ಹುಟ್ಟೂರು ಮೂಂಟಾದ ಮೈದಾನ ಸಮುದ್ರದ ಮಗ್ಗುಲಲ್ಲಿತ್ತು. ಬಿದ್ದರೆ ಮಂಡಿಯಲ್ಲಿ ಕಪ್ಪೆಚಿಪ್ಪಿನ ಚೂರು ಸಿಗುತ್ತಿತ್ತು. ಬಂದರಿನ ಗೋಧಿ ಕಣಜದಲ್ಲಿ ಕೆಲಸ ಮಾಡುತ್ತಿದ್ದ ಅಪ್ಪ ಶನಿವಾರ ಬೇಲಿಗೊರಗಿ ನಿಂತು ಒಂದೇ ಮಾತು ಕೂಗುತ್ತಿದ್ದ: "ತಲೆ ಬಗ್ಗಿಸೋ! ಚೆಂಡಿನ ಮೇಲೆ ತಲೆ ಇಡು, ಮೈ ತಾನಾಗಿ ಬರುತ್ತೆ!" ಆ ಊರಿನಲ್ಲಿ ಗಂಡಸಿನ ಅಳತೆ ಅದೊಂದೇ ಆಗಿತ್ತು. ಎದುರಿನಿಂದ ಹೋರಿಯಂಥವನು ನುಗ್ಗಿ ಬರುತ್ತಿದ್ದರೂ ಚೆಂಡಿನಿಂದ ಕಣ್ಣೆತ್ತಬಾರದು. ಎತ್ತಿದವನನ್ನು ವಾರವಿಡೀ ಬೇಕರಿಯಲ್ಲಿ, ಕ್ಷೌರದಂಗಡಿಯಲ್ಲಿ ಆಡಿಕೊಳ್ಳುತ್ತಿದ್ದರು. ಡೇಲ್ ಎಂದೂ ಎತ್ತಲಿಲ್ಲ. ಹದಿನೆಂಟಕ್ಕೆ ಮೆಲ್ಬರ್ನಿನ ಈ ಕ್ಲಬ್ಬು ಅವನನ್ನು ಆರಿಸಿಕೊಂಡಾಗಲೂ ಅವನ ಹತ್ತಿರವಿದ್ದದ್ದು ಅದೊಂದೇ ವಿದ್ಯೆ. ಬಿಲದೊಳಕ್ಕೆ ನುಗ್ಗುವ ನಾಯಿಯ ಹಾಗೆ ಕಾಲುಗಳ ಕಾಡಿನೊಳಗೆ ಮೂತಿ ತೂರಿಸಿ ಚೆಂಡು ತರುತ್ತಿದ್ದ. ಹುಬ್ಬು ಒಡೆದರೆ ಹೊಲಿಸಿಕೊಂಡು ಬಂದು ಮತ್ತೆ ನುಗ್ಗುತ್ತಿದ್ದ. ಜನ ಹುಚ್ಚೆದ್ದು ಕೂಗುತ್ತಿದ್ದರು, ಅಪ್ಪ ಐನೂರು ಮೈಲಿಯಿಂದ ಫೋನು ಮಾಡಿ, "ಎರಡು ಸಲ ಎಚ್ಚರ ತಪ್ಪಿತಂತೆ? ಭೇಷ್," ಎನ್ನುತ್ತಿದ್ದ. ಭೇಷ್ ಎಂದ ಅಪ್ಪನ ಮೇಲೆ ಈಗ ಸಿಟ್ಟು ಬರುತ್ತದೆಯೇ ಎಂದು ಡೇಲ್ ಆ ಕತ್ತಲ ಕೋಣೆಯಲ್ಲಿ ತನ್ನನ್ನೇ ಕೇಳಿಕೊಂಡ. ಬರಲಿಲ್ಲ. ಈಗಲೂ ಒಂದು ಭೇಷ್ ಸಿಕ್ಕಿದರೆ ಬೇಡವೆನ್ನುವಷ್ಟು ದೊಡ್ಡವನಾಗಿರಲಿಲ್ಲ ಅವನು.

ನುಗ್ಗುವುದನ್ನು ಬಿಡಿಸಿದವನು ಗಾರ್ತ್ ಲಿಡಿಯಾರ್ಡ್. ಆಗ ತಂಡದ ನಾಯಕ, ಡೇಲ್‌ಗಿಂತ ಹದಿನಾಲ್ಕು ವರ್ಷ ಹಿರಿಯ, ಮೂಗು ನಾಲ್ಕು ಕಡೆ ಮುರಿದು ಯಾವ ಕಡೆ ನೋಡುತ್ತಿದ್ದಾನೆಂದು ಮೂಗು ನೋಡಿ ಹೇಳಲಾಗದ ಮನುಷ್ಯ. "ಬಿದ್ದ ಚೆಂಡನ್ನ ಎತ್ತೋನು ಕೂಲಿಯವನು ಕಣೋ. ಬೀಳೋ ಚೆಂಡನ್ನ ಹಿಡಿಯೋನು ಯಜಮಾನ," ಎಂದು ಅವನು ಡೇಲ್‌ನನ್ನು ಎರಡು ಚಳಿಗಾಲ ಎತ್ತರದವರ ಕಾಲಬುಡದಲ್ಲಿ ನಿಲ್ಲಿಸಿ ಬರೀ ಮಣಿಕಟ್ಟು ನೋಡಿಸಿದ. ಹಾರುವ ಮೊದಲೇ ಮಣಿಕಟ್ಟು ಹೇಳುತ್ತದೆ, ಚೆಂಡು ಎಲ್ಲಿ ಬೀಳುತ್ತದೆಂದು. ಅದನ್ನು ಓದಲು ಕಲಿತ ಮೇಲೆ ಡೇಲ್‌ನ ಆಟವೇ ಬೇರೆಯಾಯಿತು. ಗುಂಪು ಇನ್ನೂ ಬಗ್ಗುವಷ್ಟರಲ್ಲಿ ಅವನು ಚೆಂಡಿನೊಂದಿಗೆ ಆಚೆಗಿರುತ್ತಿದ್ದ, ನೋಡದೆಯೇ ಮುಷ್ಟಿಯಿಂದ ಗುದ್ದಿ ಬೆನ್ನ ಹಿಂದಿನವನಿಗೆ ಕೊಡುತ್ತಿದ್ದ. ಇಪ್ಪತ್ತೆರಡರಿಂದ ಇಪ್ಪತ್ತೆಂಟರವರೆಗೆ ಅವನಷ್ಟು ಚುರುಕಾಗಿ ಆಡಿದವರು ಈ ನಗರದಲ್ಲಿ ನಾಲ್ಕು ಜನ ಇರಲಿಲ್ಲ, ಸುಳ್ಳಲ್ಲ. ಆದರೆ ಅಷ್ಟು ಚೆನ್ನಾಗಿ ಓಡುವವನನ್ನು ಹಿಡಿಯುವುದಕ್ಕೆ ಎದುರಿನವರೂ ದಾರಿ ಹುಡುಕುತ್ತಾರೆ. ನುಗ್ಗುವಾಗ ಮುಂದಿನಿಂದ ಬೀಳುತ್ತಿದ್ದ ಏಟು ಈಗ ಹಿಂದಿನಿಂದ, ಪಕ್ಕದಿಂದ, ಕಾಣದ ಕಡೆಯಿಂದ ಬೀಳತೊಡಗಿತು. ಗಾರ್ತ್ ಕಲಿಸಿದ ಇನ್ನೊಂದು ವಿದ್ಯೆ ಕೆಲಸಕ್ಕೆ ಬಂದದ್ದು ಆಗ. ಪ್ರತಿ ಜನವರಿಯಲ್ಲಿ, ಆಟದ ಕಾಲ ಶುರುವಾಗುವ ಮೊದಲು, ಎಲ್ಲರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ ಪರೀಕ್ಷೆ ಬರೆಸುತ್ತಾರೆ: ಹನ್ನೆರಡು ಪದ ನೆನಪಿಡು, ಚಿತ್ರ ಬಂದೊಡನೆ ಗುಂಡಿ ಒತ್ತು, ಅಂಕಿಗಳನ್ನು ಹಿಂದುಮುಂದಾಗಿ ಹೇಳು. ನೆಟ್ಟಗಿರುವ ತಲೆಯ ಲೆಕ್ಕ ಅದು. ಆಮೇಲೆ ಏಟು ಬಿದ್ದಾಗ ಮತ್ತೆ ಅದನ್ನೇ ಬರೆಸಿ, ಆ ವರ್ಷದ ಜನವರಿಗಿಂತ ಕಡಿಮೆ ಬಂದರೆ ಆಟದಿಂದ ಹೊರಗೆ ಕೂರಿಸುತ್ತಾರೆ. "ಅದಕ್ಕೇ ಜನವರೀಲಿ ದಡ್ಡ ಆಗ್ಬೇಕು," ಎಂದಿದ್ದ ಗಾರ್ತ್, ಹಬೆಯ ಸ್ನಾನದ ಕೋಣೆಯಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು. "ಹನ್ನೆರಡು ಪದ ನೆನಪಿದ್ರೆ ಏಳು ಬರಿ. ಗುಂಡಿ ಒತ್ತೋಕೆ ಮುಂಚೆ ಮನಸಲ್ಲೇ ಅಮ್ಮನ ಹೆಸರು ಒಂದ್ಸಲ ಹೇಳ್ಕೋ. ಪೂರಾ ಪೆದ್ದ ಆಗ್ಬೇಡ, ಸಿಕ್ಕಿಬೀಳ್ತೀಯ. ಜುಲೈಲಿ ಯಾವನಾದ್ರೂ ತಲೆ ಮೇಲೆ ಕೂತ್ರೂ ಏಳು ಪದ ಬರದೇ ಇರುತ್ತಾ? ಪಾಸು!" ಅಲ್ಲಿದ್ದವರೆಲ್ಲ ನಕ್ಕರು, ಎಲ್ಲರೂ ಹಾಗೇ ಮಾಡುತ್ತಿದ್ದರು. ಎರಡನೆಯ ವರ್ಷದಿಂದ ಡೇಲ್ ಕೂಡ ಮಾಡಿದ. ಹದಿನಾಲ್ಕು ಜನವರಿ. ಏಳು ವರ್ಷದ ಹಿಂದೆ ಮಾಬಿಯೋರ್ ಹೊಸದಾಗಿ ಬಂದಾಗ ಅವನಿಗೆ ಅದೇ ಕೋಣೆಯಲ್ಲಿ, ಅದೇ ಮಾತುಗಳಲ್ಲಿ ಹೇಳಿಕೊಟ್ಟವನೂ ಡೇಲೇ. ಹೇಳಿಕೊಡುವಾಗ ತಾನೂ ಹಿರಿಯನಾದೆ ಎಂಬ ಹೆಮ್ಮೆ ಬೇರೆ.

ಯಾವಾಗ ನಿಧಾನವಾದ ಎಂದು ಕೇಳಿದರೆ ಅವನಿಗೇ ಹೇಳಲು ಬರುವುದಿಲ್ಲ. ಒಂದು ದಿನ ಮಣಿಕಟ್ಟು ಹೇಳಿದ್ದು ಕೇಳಿಸಲಿಲ್ಲ, ಅಷ್ಟೇ. ಗುಂಪಿನಿಂದ ಎರಡು ಹೆಜ್ಜೆ ಹಿಂದೆ ನಿಂತ. ಎರಡು ಹೆಜ್ಜೆ ಹಿಂದೆ ನಿಂತವನಿಗೆ ಎಲ್ಲ ಕಾಣುತ್ತದೆ ಎಂದು ಟೀವಿಯಲ್ಲಿ ಮಾತಾಡುವವನು ಹೇಳಿದ, ಫೀನಿ ಒಪ್ಪಿದ, ಅದೇ ಅವನ ಜಾಗವಾಯಿತು. ಹೀಗೆ ಒಂದೊಂದು ಹೊಸ ಕೊರತೆಗೂ ಒಂದೊಂದು ಒಳ್ಳೆಯ ಹೆಸರು ಸಿಗುತ್ತಾ ಹೋಯಿತು. ಆಟದ ಮಧ್ಯೆ ಮಾತು ಬಿಟ್ಟ, ಹೆಸರುಗಳು ನಾಲಿಗೆಗೆ ಬರುತ್ತಿರಲಿಲ್ಲ. ಮೌನವಾಗಿ ತಂಡ ನಡೆಸುತ್ತಾನೆ ಎಂದರು. ಮಣಿಕಟ್ಟಿಗೆ ಸುತ್ತುವ ಬಿಳಿ ಪಟ್ಟಿಯ ಮೇಲೆ ಕೆಲವರು ಸತ್ತ ಅಜ್ಜಿಯ ಹೆಸರನ್ನೋ ಮಗಳ ಹೆಸರನ್ನೋ ಬರೆದುಕೊಳ್ಳುವುದುಂಟು. ಡೇಲ್ ಪಟ್ಟಿಯ ಒಳಮೈಯಲ್ಲಿ ಬರೆದುಕೊಳ್ಳುತ್ತಿದ್ದ, ಯಾರಿಗೂ ತೋರಿಸುತ್ತಿರಲಿಲ್ಲ. ಹೋದ ವರ್ಷ ತೀರಿಕೊಂಡ ಅಪ್ಪನ ಹೆಸರಿರಬೇಕೆಂದು ಎಲ್ಲರೂ ಅಂದುಕೊಂಡು ಕೇಳದೆ ಬಿಟ್ಟರು. ಅಲ್ಲಿದ್ದದ್ದು ಮೈದಾನದ ಹೆಸರು, ಎದುರಾಳಿಯ ಹೆಸರು, ಹಿಂದಿನ ವಾರ ಯಾರ ಮೇಲೆ ಆಡಿದೆವು, ಗೆದ್ದೆವೋ ಸೋತೆವೋ. ಏಟು ಬಿದ್ದವನನ್ನು ಡಾಕ್ಟರು ಮೊದಲು ಕೇಳುವ ನಾಲ್ಕು ಪ್ರಶ್ನೆಗಳು ಅವೇ. ಶನಿವಾರ ಅವನು ಬೆವರು ಒರೆಸಿಕೊಳ್ಳುವ ನೆವದಲ್ಲಿ ಪಟ್ಟಿ ಸರಿಸಿ ನೋಡಿ ನಾಲ್ಕಕ್ಕೂ ಸರಿಯುತ್ತರ ಕೊಟ್ಟಿದ್ದ. ಸತ್ತ ಅಪ್ಪನ ಮರೆಯಲ್ಲಿ ಕಾಪಿ ಹೊಡೆದೆನಲ್ಲ ಎಂದು ಆಮೇಲೆ ಕಾರಿನಲ್ಲಿ ಕೂತಾಗ ನಾಚಿಕೆಯಾಯಿತು. ನಾಚಿಕೆಯಾದದ್ದು ನೆನಪಿದೆ, ಕಾರು ಎಲ್ಲಿ ನಿಂತಿತ್ತೆಂಬುದು ನೆನಪಿಲ್ಲ.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅಭ್ಯಾಸ ಮುಗಿಸಿ ಮನೆಗೆ ಬಂದು ಬೀಗದ ಕೈ ತೂರಿಸಿದರೆ ತಿರುಗಲಿಲ್ಲ. ತಿರುಚಿದ, ಎಳೆದ, ಬಾಗಿಲಿಗೆ ಭುಜ ಕೊಟ್ಟು ನೂಕಿದ. ಒಳಗಿನಿಂದ ಕಂಕುಳಲ್ಲಿ ಮಗು ಎತ್ತಿಕೊಂಡ ಹೆಂಗಸೊಬ್ಬಳು ಬಾಗಿಲು ತೆಗೆದಳು. ನಾಲ್ಕು ವರ್ಷದ ಹಿಂದೆ ಮಾರಿದ ಮನೆ ಅದು. ಅವಳ ಮುಖದ ಹೆದರಿಕೆ ನೋಡನೋಡುತ್ತ ಸಂಭ್ರಮವಾಯಿತು. "ಅಯ್ಯೋ, ಡೇಲ್ ಟ್ರೆನೋವೆತ್ ಅಲ್ವಾ ನೀವು? ನಮ್ಮನೆಯವರು ಇಲ್ದೇ ಇರೋ ಹೊತ್ತಲ್ಲೇ ಬಂದ್ರಲ್ಲ!" ಅವನು ಆಟದಲ್ಲಿ ಹೇಗೋ ಹಾಗೇ ಅಲ್ಲೂ ಸುಮ್ಮನೆ ನಿಂತ, ಆಮೇಲೆ ನಾಲಿಗೆ ತಾನಾಗಿ ದಾರಿ ಹುಡುಕಿತು. ಹಿತ್ತಿಲಲ್ಲಿ ತಾನು ನೆಟ್ಟ ನಿಂಬೆ ಗಿಡ ಹೇಗಿದೆ ನೋಡಿ ಹೋಗೋಣ ಅಂತ ಬಂದೆ ಎಂದ. "ಭರ್ಜರಿಯಾಗಿದೆ! ನಮ್ಮವರು ದಿನಾ ಬೆಳಿಗ್ಗೆ ಅದರ ಬುಡದಲ್ಲೇ ನಿಂತು..." ಎಂದು ಅವಳು ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. "ಗಿಡಕ್ಕೆ ಒಳ್ಳೇದಂತೆ ಅದು." ಫೋಟೊ ತೆಗೆಸಿಕೊಂಡು, ಚೀಲದ ತುಂಬ ನಿಂಬೆಹಣ್ಣು ಕಿತ್ತುಕೊಟ್ಟಳು. ಅವನು ಬೀದಿಯ ಕೊನೆಗೆ ಹೋಗಿ ಕಾರು ನಿಲ್ಲಿಸಿ, ಫೋನಿನಲ್ಲಿ ತನ್ನ ಮನೆಯ ವಿಳಾಸವನ್ನು ತಾನೇ ಹುಡುಕಿ ತೆಗೆದು, ಅದು ಹೇಳಿದ ಹಾಗೆ ಬಲಕ್ಕೆ ತಿರುಗಿ ಎಡಕ್ಕೆ ತಿರುಗಿ ಹೋದ. ಹೆಂಡತಿ ಶೋನಾ ಚೀಲ ನೋಡಿ, "ಇಷ್ಟೊಂದು ಯಾರು ಕೊಟ್ರು?" ಎಂದಳು. "ಕ್ಲಬ್ಬಲ್ಲಿ ಯಾರೋ." "ಯಾರೋ ಅಂದ್ರೆ?" "ಯಾರೋ ಅಂದ್ರೆ ಯಾರೋ. ಹಣ್ಣಿಗೂ ಜಾತಕ ಬೇಕಾ ನಿಂಗೆ?" ಅವಳು ಮತ್ತೆ ಕೇಳಲಿಲ್ಲ. ಅವಳು ಕೇಳುವುದನ್ನು ಬಿಟ್ಟು ಆಗಲೇ ಕೆಲವು ತಿಂಗಳಾಗಿತ್ತು, ಅದು ಅವನಿಗೆ ಗೊತ್ತಿತ್ತು, ಗೊತ್ತಿಲ್ಲದವನ ಹಾಗಿದ್ದ.

ಆದರೆ ನಿಜವಾಗಿ ಎದೆ ಧಸಕ್ ಎಂದದ್ದು ಮೂರು ವಾರದ ಹಿಂದೆ, ಪ್ರೆಸ್ಟನ್ ಮಾರ್ಕೆಟ್ಟಿನಲ್ಲಿ. ಟೊಮ್ಯಾಟೊ ರಾಶಿಯ ಮುಂದೆ ಗಾರ್ತ್ ನಿಂತಿದ್ದ. ಐವತ್ತಾಗಿಲ್ಲ ಇನ್ನೂ, ಕೂದಲು ನೀಟಾಗಿ ಬಾಚಿತ್ತು, ಕೈಯಲ್ಲಿ ಹೆಂಡತಿ ಬರೆದುಕೊಟ್ಟಿರಬಹುದಾದ ಚೀಟಿ. ಜನ ಅವನನ್ನು ಬಳಸಿಕೊಂಡು ಹೋಗುತ್ತಿದ್ದರು, ಅಂಗಡಿಯ ಇಟಾಲಿಯನ್ ಮುದುಕ, "ಎಷ್ಟು ಕಿಲೋ ಬೇಕಪ್ಪಾ?" ಎಂದು ಮೂರನೆಯ ಸಲ ಕೇಳಿದ. ಗಾರ್ತ್ ಅತ್ತಿತ್ತ ನೋಡಿದ. ಭುಜ ಒಂದಿಷ್ಟು ತಿರುಗಿತ್ತು, ಗದ್ದ ಎತ್ತಿತ್ತು, ಯಾರ ಎದೆ ಯಾವ ಕಡೆಗಿದೆ ಎಂದು ಹುಡುಕುವವನಂತೆ. ಆ ನಿಲುವನ್ನು ಡೇಲ್ ಪ್ರತಿ ವಾರ ವೀಡಿಯೊದಲ್ಲಿ ನೋಡುತ್ತಿದ್ದ, ತನ್ನ ಮೈಮೇಲೆ. ಹೋಗಿ ಭುಜ ತಟ್ಟಿ, ಬಾರೋ ಕಾಫಿ ಕುಡಿಯೋಣ ಎನ್ನಬೇಕಾಗಿತ್ತು. ಆಟ ಕಲಿಸಿದ ಮನುಷ್ಯ. ಡೇಲ್ ಹೂವಿನಂಗಡಿಯ ಬಕೆಟ್ಟುಗಳ ಹಿಂದೆ ಸರಿದು, ಬೇಕಿಲ್ಲದ ಒಂದು ಕಟ್ಟು ಹೂ ಕೊಂಡು, ಹಿಂಬಾಗಿಲಿನಿಂದ ಹೊರಬಿದ್ದ. ಅಂದಿನಿಂದ ಅನ್ನ ನೀರು ಸೇರುವುದಿಲ್ಲ ಎಂದರೆ ಸುಳ್ಳಾದೀತು, ಸೇರುತ್ತಿತ್ತು. ಆದರೆ ಪ್ರತಿ ತುತ್ತಿಗೂ ಮೊದಲು, ಈಗ ತಾನೇ ಉಂಡೆನೋ ಏನೋ ಎಂಬ ಅನುಮಾನ.

ಪರದೆ ಆರಿ ದೀಪ ಹತ್ತಿತು. ಕುರ್ಚಿಗಳು ಸದ್ದು ಮಾಡಿದವು. "ನಡಿಯೋ ಮುದುಕಾ, ನಾನೂ ಆ ಕಡೇನೇ," ಎಂದು ಮಾಬಿಯೋರ್ ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸಿ ಜೊತೆಗೆ ಬಂದ. ಡಾಕ್ಟರ ಕೋಣೆ ಇದ್ದದ್ದು ಓಣಿಯ ಆ ತುದಿಯಲ್ಲಿ. ದಾರಿಯಲ್ಲಿ ವ್ಯಾಯಾಮದ ಕೋಣೆಯ ನೆಲದ ಮೇಲೆಲ್ಲ ಬಣ್ಣದ ಕಾಗದ ಹರಡಿ, ನಾಲ್ಕೈದು ಹೆಂಗಸರು ಮಂಡಿಯೂರಿ ಅಂಟುಪಟ್ಟಿ ಹಚ್ಚುತ್ತಿದ್ದರು. ಶನಿವಾರ ಡೇಲ್‌ನ ಇನ್ನೂರೈವತ್ತನೆಯ ಆಟ. ಆಟಗಾರರು ಹರಿದುಕೊಂಡು ಮೈದಾನಕ್ಕಿಳಿಯುವ ಆ ಮನೆಯೆತ್ತರದ ಕಾಗದದ ಮೇಲೆ ಅವನ ಹೆಸರು ಅರ್ಧ ಮುಗಿದಿತ್ತು. "ಬರಬೇಡಿ, ಬರಬೇಡಿ, ನೋಡಬಾರದು ನೀವು!" ಎಂದು ಒಬ್ಬಾಕೆ ಕೂಗಿದಳು. "ನೋಡಿದ್ರೂ ಓದೋಕೆ ಬರಬೇಕಲ್ಲ ಅವನಿಗೆ," ಎಂದ ಮಾಬಿಯೋರ್, ಹೆಂಗಸರು ನಕ್ಕು ಅವನ ಮೇಲೆ ಕಾಗದದ ಉಂಡೆ ಎಸೆದರು. ಓಣಿಯಲ್ಲಿ ಇಬ್ಬರೇ ಆದಾಗ ಡೇಲ್ ಕೇಳಿದ, "ಲೋ ಕಂಬ, ಜನವರಿ ಪರೀಕ್ಷೇಲಿ ನೀನು ಈಗ್ಲೂ ಏಳೇ ಬರೀತೀಯಾ?" "ಮತ್ತೆ? ಗುರುಗಳು ಹೇಳ್ಕೊಟ್ಟಿದ್ದು ತಪ್ಪಿಸ್ತೀನಾ?" "ಪೂರ್ತಿ ಬರೆದು ನೋಡಿದ್ದೀಯಾ, ಯಾವಾಗ್ಲಾದ್ರೂ? ಸುಮ್ನೆ, ನಿನಗೋಸ್ಕರ?" ಮಾಬಿಯೋರ್ ನಡೆಯುತ್ತಲೇ ಕೆಳಗೆ ಬಗ್ಗಿ ಅವನ ಮುಖ ನೋಡಿದ. "ಯಾಕೆ ಬರೀಬೇಕು? ತಲೆ ಕೆಟ್ಟಿದ್ಯಾ ನಿಂಗೆ? ಅಲ್ಲ, ಹುಷಾರಾಗಿದ್ದೀಯ ತಾನೇ?" "ಹುಷಾರಾಗೇ ಇದ್ದೀನಿ." "ಶನಿವಾರ ನೀನಿಲ್ದೇ ಇದ್ರೆ ನಾನು ಯಾರಿಗೋ ತಟ್ಟಲಿ ಚೆಂಡು?" ಎಂದು ಮಾಬಿಯೋರ್ ಅವನ ತಲೆಯನ್ನು ಅಂಗೈಯಿಂದ ಮೆಲ್ಲಗೆ ಅಮುಕಿದ, ತೆಂಗಿನಕಾಯಿ ನೋಡುವವರ ಹಾಗೆ. "ಬೇಗ ಬರೆದು ಬಾ. ನಾನು ಕ್ಯಾಂಟೀನಲ್ಲಿ ನಿನ್ನ ಪೈ ತಿನ್ನದೆ ಕಾಯ್ತಿರ್ತೀನಿ, ಆದಷ್ಟು ಹೊತ್ತು."

ಆ ಕೆಲವು ಹೆಜ್ಜೆಗಳಲ್ಲೇ ಡೇಲ್ ನಿರ್ಧಾರ ಮಾಡಿದ. ಇವತ್ತು ಏಳು ಬರೆಯುವುದಿಲ್ಲ. ಹನ್ನೆರಡೂ ಬರೆಯಬೇಕು, ಅಮ್ಮನ ಹೆಸರು ಹೇಳಿಕೊಳ್ಳದೆ ಗುಂಡಿ ಒತ್ತಬೇಕು. ಜನವರಿಯ ಅಂಕ ಬೇಕೆಂದೇ ಕೆಡಿಸಿದ್ದು. ಮನಸ್ಸಿಟ್ಟು ಬರೆದರೆ ಇವತ್ತಿನದು ಅದನ್ನು ಹಾರಿ ಎಲ್ಲೋ ಮೇಲಕ್ಕೆ ಹೋಗಬೇಕು. ಹೋದರೆ ತನ್ನ ತಲೆ ತನ್ನದೇ. ಬೀಗದ ಕೈ, ಕಂಬಗಳು, ಮಾರ್ಕೆಟ್ಟು, ಎಲ್ಲ ಬರೀ ದಣಿವು, ವಯಸ್ಸು. ಡಾಕ್ಟರು ಅನುಮಾನಪಟ್ಟು, ಇಷ್ಟೊಂದು ಹೇಗೆ ಬಂತು ಎಂದು ಬೈದರೆ ಬೈಯಲಿ. ಬೈಸಿಕೊಳ್ಳುವ ಆಸೆಯಿಂದ ಅವನ ಬಾಯಲ್ಲಿ ನೀರೂರಿತು. ಡಾಕ್ಟರ್ ಲಾಮ್ ಬೆಳ್ಳಗಾದ ಕೂದಲಿನ ಗಿಡ್ಡ ಹೆಂಗಸು, ಅವನ ಮೊದಲ ಹೊಲಿಗೆಯಿಂದ ಹಿಡಿದು ಎಲ್ಲವನ್ನೂ ಹಾಕಿದವರು. "ಕೂತ್ಕೋ ಡೇಲ್. ಅವಸರ ಏನಿಲ್ಲ," ಎಂದು ಪರದೆ ತಿರುಗಿಸಿಕೊಟ್ಟು, ತಾವು ಕಿಟಕಿಯ ಬಳಿ ಕೂತು ಯಾವುದೋ ಕಾಗದ ನೋಡತೊಡಗಿದರು. ಪದಗಳು ಒಂದೊಂದಾಗಿ ಬಂದವು. ಏಣಿ. ಬೆಣ್ಣೆ. ಸೇತುವೆ. ಕಂಬಳಿ. ಒಂದೊಂದನ್ನೂ ಅವನು ಎರಡು ಕೈಯಲ್ಲಿ ಹಿಡಿದುಕೊಂಡ. ಏಣಿಯನ್ನು ಅಪ್ಪನ ಕಣಜಕ್ಕೆ ಆನಿಸಿದ, ಬೆಣ್ಣೆಯನ್ನು ಶೋನಾಳ ಕೈಗೆ ಕೊಟ್ಟ. ಚಿತ್ರ ಬಂದೊಡನೆ ಒತ್ತಿದ, ಒತ್ತಿದ, ಒತ್ತಿದ; ಇಷ್ಟು ಪ್ರಾಣ ಕೊಟ್ಟು ಅವನು ಇನ್ನೂರ ನಲವತ್ತೊಂಬತ್ತು ಆಟಗಳಲ್ಲೂ ಆಡಿರಲಿಲ್ಲ. ಕಂಕುಳು ಒದ್ದೆಯಾಯಿತು. ಮೊದಲಿನ ಪದಗಳನ್ನು ಬರಿ ಎಂದು ಪರದೆ ಕೇಳಿದಾಗ ಏಣಿ ಎಂದು ಬರೆದ, ಬೆಣ್ಣೆ ಎಂದು ಬರೆದ. ಇನ್ನೊಂದು ನಾಲ್ಕು ಬಂತು. ಆಮೇಲೆ ಹುಲ್ಲು. ಬರೀ ಹುಲ್ಲು. ಅದು ಪಟ್ಟಿಯಲ್ಲಿದ್ದ ಪದವೋ ಕಣ್ಣ ಮುಂದೆ ಹರಡಿದ್ದೋ ಗೊತ್ತಾಗಲಿಲ್ಲ. ಇರಲಿ ಎಂದು ಬರೆದ.

ಯಂತ್ರ ಕಾಗದ ಉಗುಳಿತು. ಡಾಕ್ಟರ್ ಲಾಮ್ ಕನ್ನಡಕ ಹಣೆಗೇರಿಸಿ ಓದಿದರು, ಜನವರಿಯ ಕಾಗದದ ಪಕ್ಕ ಇಟ್ಟು ನೋಡಿದರು, ಅವರ ಹೆಗಲು ಸಡಿಲವಾಯಿತು. "ಏನೂ ವ್ಯತ್ಯಾಸ ಇಲ್ಲ ಕಣೋ. ಜನವರೀಲಿ ಅರವತ್ತೆರಡು, ಇವತ್ತು ಅರವತ್ತೊಂದು. ನಾನೇ ಸುಮ್ನೆ ಹೆದರಿದ್ದೆ. ಶನಿವಾರ ಆಡು, ಕಾಗದ ಹರಿ, ಹೆಗಲ ಮೇಲೆ ಹೊರಿಸ್ಕೊಂಡು ಬಾ." ಅವರು ಸಹಿ ಹಾಕಲು ಪೆನ್ನು ತೆಗೆದರು. ಡೇಲ್ ಏಳಲಿಲ್ಲ. ಅರವತ್ತೊಂದು ಎಂಬುದರ ಅರ್ಥ ಆ ಕಟ್ಟಡದಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಎದ್ದು ಹೋಗಬಹುದಾಗಿತ್ತು, ಪೈ ಕಾದಿತ್ತು, ಹೆಸರಿನ ಇನ್ನರ್ಧ ಅಂಟುತ್ತಿತ್ತು. "ಇನ್ನೊಂದ್ಸಲ ಬರೀಲಾ ಡಾಕ್ಟ್ರೇ?" ಎಂದ. "ಪಾಸಾದವರು ಯಾರಾದ್ರೂ ಇನ್ನೊಂದ್ಸಲ ಬರೀತಾರೇನೋ?" "ಜನವರೀದು ಸುಳ್ಳು. ಬೇಕಂತಲೇ ತಪ್ಪು ಬರೆದಿದ್ದೆ. ಪ್ರತಿ ವರ್ಷ ಬರೀತೀನಿ. ಇವತ್ತು ಪೂರಾ ಮನಸ್ಸಿಟ್ಟು ಬರೆದೆ." ಡಾಕ್ಟರು ಪೆನ್ನನ್ನು ಮೇಜಿನ ಮೇಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇವತ್ತು ಪೂರಾ ಮನಸ್ಸಿಟ್ಟು," ಎಂದು ಅವನ ಮಾತನ್ನೇ ಹೇಳಿದರು, ಕೇಳುವವರ ಹಾಗೆ. "ಹೂಂ." "ಎಷ್ಟು ವರ್ಷದಿಂದ ಸುಳ್ಳು?" "ಎರಡನೇ ವರ್ಷದಿಂದ."

ಅವರು ಎದ್ದು ಬೀರುವಿನಿಂದ ಅವನ ಕಡತ ತೆಗೆದರು. ಹದಿನೈದು ಜನವರಿಗಳ ಹದಿನೈದು ಹಾಳೆಗಳನ್ನು ಇಸ್ಪೀಟು ಹಂಚಿದಂತೆ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೊದಲನೆಯದರಲ್ಲಿ ತೊಂಬತ್ತನಾಲ್ಕು. ಆಮೇಲೆ ಅರವತ್ತಮೂರು, ಅರವತ್ತೊಂದು, ಅರವತ್ತನಾಲ್ಕು, ಅರವತ್ತೆರಡು, ಸಾಲಿನ ಕೊನೆಯವರೆಗೂ ಹಾಗೆಯೇ. ಒಂದು ವರ್ಷವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಷ್ಟು ನಾಜೂಕಾಗಿ ಮಾಡುತ್ತಿದ್ದೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆಯಿದ್ದ ಕೆಲಸ. "ಈ ತೊಂಬತ್ತನಾಲ್ಕು ನೀನೇನಾ?" "ನಾನೇ." ಆ ಹದಿನೆಂಟರ ಹುಡುಗ ಎಷ್ಟು ಜಾಣನಾಗಿದ್ದನೆಂದು ಅವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ. "ಸರಿ, ಇದು ಬಿಡು," ಎಂದರು ಡಾಕ್ಟರ್ ಲಾಮ್. ಅವರ ಧ್ವನಿ ತೀರ ಮೆಲ್ಲಗಿತ್ತು. "ಮಿಕ್ಕ ಹದಿನಾಲ್ಕರಲ್ಲಿ ನೀನು ನಾಟಕ ಆಡಿದ್ದು ಎಲ್ಲೀವರೆಗೆ, ತೋರಿಸು. ಎಲ್ಲಿಂದ ಆಚೆಗೆ ನಾಟಕ ಆಡೋ ಅವಶ್ಯಕತೆ ಇರಲಿಲ್ಲ?" ಅವನು ಎರಡನೆಯ ಹಾಳೆಯ ಮೇಲೆ ಬೆರಳಿಟ್ಟ. ಇದು ನಾಟಕ, ಗ್ಯಾರಂಟಿ. ಮೂರನೆಯದು, ಇದೂ. ಐದನೆಯದನ್ನು ಬರೆಯುವಾಗ ನಗು ತಡೆದುಕೊಂಡದ್ದು ನೆನಪಿದೆ. ಏಳು. ಎಂಟನೆಯದರ ಮೇಲೆ ಬೆರಳು ನಿಂತಿತು. ಆ ವರ್ಷ ಪರೀಕ್ಷೆ ಸುಲಭವಾಗಿ ಮುಗಿದಿತ್ತು, ಅಷ್ಟು ಹೆಣಗಬೇಕಾಗಿರಲಿಲ್ಲ, ಕೈ ಪಳಗಿತು ಎಂದುಕೊಂಡಿದ್ದ. ಬೆರಳು ಒಂಬತ್ತಕ್ಕೆ ಹೋಯಿತು, ಹತ್ತಕ್ಕೆ ಹೋಯಿತು, ಮತ್ತೆ ಎಂಟಕ್ಕೆ ಬಂತು. ಪ್ರತಿ ಹಾಳೆಯಲ್ಲೂ ತಾನು ಏಳು ಪದ ಬರೆದು ಐದನ್ನು ಬಚ್ಚಿಟ್ಟಿದ್ದೆನೆಂದು ಅವನಿಗೆ ಖಂಡಿತ ನೆನಪಿತ್ತು. ಬಚ್ಚಿಟ್ಟ ಆ ಐದು ಪದಗಳಲ್ಲಿ ಒಂದಾದರೂ ಯಾವುದೆಂದು ನೆನಪಿರಲಿಲ್ಲ.

ಯಾರೋ ಬಾಗಿಲು ಬಡಿದರು. "ಏನಾಯ್ತೋ ಮುದುಕಾ? ಪೈ ಆರಿಹೋಯ್ತು. ಪಾಸಾ?" ಮಾಬಿಯೋರ್‌ನ ಧ್ವನಿ.

ಡಾಕ್ಟರ್ ಲಾಮ್ ಅವನ ಮುಖ ನೋಡಿದರು.

"ಇಲ್ಲ ಕಣೋ," ಎಂದ ಡೇಲ್, ಹಾಳೆಗಳ ಮೇಲಿಂದ ಕಣ್ಣು ತೆಗೆಯದೆ. "ಫೇಲು. ತುಂಬ ವರ್ಷದ ಹಿಂದೇನೇ ಆಗಿದ್ದೀನಿ. ಯಾವ ವರ್ಷ ಅಂತ ಮಾತ್ರ ಗೊತ್ತಾಗ್ತಿಲ್ಲ."

ಬಾಗಿಲಾಚೆ ಮಾಬಿಯೋರ್ ಗಟ್ಟಿಯಾಗಿ ನಕ್ಕ. ಆಮೇಲೆ ಅವನ ನಗು ನಿಂತಿತು.